ಶ್ರೀಶೈಲದ ದಾರಿಗೆ ತಂದ ಬೂಟು

ಶಹಾಪುರದಲ್ಲಿ ಖಡಕ್ ರೊಟ್ಟಿ ಬಡಿದು ಮಾರುವ ಬಸವೇಶ್ವರಿ ಗ್ಯಾರಂಟಿ ಇಲ್ಲದ ಸಾಮಾನನ್ನು ಮನೆಗೆ ತಂದವಳಲ್ಲ. ಮಿಕ್ಸರ್ ಕೆಟ್ಟರೆ ಅಂಗಡಿಯವನು ಬೆವರಬೇಕು, ಅಂಥ ಬಾಯಿ. ಗಂಡ ವಿಶ್ವರಾಧ್ಯನೊಬ್ಬನೇ ಯಾವ ಗ್ಯಾರಂಟಿಗೂ ಸಿಗದ ಆಸಾಮಿ. ಸಕ್ಕರೆ ಕಾಯಿಲೆಯಿಂದ ಅವನ ಪಾದಗಳಿಗೆ ಚಳಿ, ಬಿಸಿ, ನೋವು ಒಂದೂ ತಿಳಿಯುತ್ತಿರಲಿಲ್ಲ. ಬರಿಗಾಲಲ್ಲಿ ಓಡಾಡಿದರೆ ಕಾಲು ಹೋದೀತೆಂದು ಡಾಕ್ಟರು ಎಚ್ಚರಿಸಿದ್ದರು. ಆದರೂ ಅವನು ಯುಗಾದಿಗೆ ಶ್ರೀಶೈಲಕ್ಕೆ ನಡೆದೇ ಹೋಗುವ ಹಟ ಬಿಡಲಿಲ್ಲ.

ಕಾಲು ಉಳಿಯಲೆಂದು ಅವಳೇ ನೀಲಕಂಠನ ಅಂಗಡಿಯಿಂದ ದಪ್ಪ ಅಡಿಯ ಬೂಟು ತಂದಳು.

"ಹೋಗಿ ಬರೂದ್ರಾಗ ಏನರೆ ಆತಂದ್ರ ನನ್ನ ಕೇಳ್ರಿ," ಎಂದು ನೀಲಕಂಠ ಮಾತು ಕೊಟ್ಟಿದ್ದ.

ವಿಶ್ವರಾಧ್ಯ ನಡೆದು ಹೋದವನು ಜೀಪಿನಲ್ಲಿ ಬಂದ. ಎಡಪಾದ ಕಪ್ಪಾಗಿತ್ತು. ಕಲಬುರಗಿಯ ಆಸ್ಪತ್ರೆಯಲ್ಲಿ ಅದನ್ನು ಕತ್ತರಿಸಿದರು. "ಬೂಟು ಕಚ್ಚಿತು," ಎಂದಷ್ಟೇ ಅಂದ. ಅವಳು ಅಳಲಿಲ್ಲ. ಅಳು ಬಂದಿದ್ದರೆ ಚೆನ್ನಾಗಿತ್ತು, ಬರಲೇ ಇಲ್ಲ. ಮನೆಗೆ ಬಂದು ಎಂದಿನಂತೆ ರೊಟ್ಟಿ ಬಡಿದಳು. ಕೈ ಸುಟ್ಟಿದ್ದೂ ತಿಳಿಯಲಿಲ್ಲ.

ಒಂದು ದಿನ ಗಂಡ ಶ್ರೀಶೈಲದಿಂದ ವಾಪಸು ತಂದ ಬೂಟಿನ ಚೀಲವನ್ನು ಬಿಚ್ಚದೆಯೇ ನೀಲಕಂಠನ ಮುಂದಿಟ್ಟಳು.

"ನಿಮ್ಮ ಬೂಟು ನನ್ನ ಗಂಡನ ಕಾಲು ತಿಂತ್ರಿ."

ದನಿಯಲ್ಲಿ ಸಿಟ್ಟೇ ಇರಲಿಲ್ಲ. ಹೆದರಿಕೊಂಡೇ ಕೇಳಿದ ನೀಲಕಂಠ ಬೂಟು ತೆಗೆದು ಮಗುಚಿ ನೋಡಿದ. ಒಳಗೆ ತುರುಕಿದ ಕಾಗದ ಹಾಗೇ ಇತ್ತು.

"ಮಣ್ಣರೆ ಹತ್ಯಾದೇನ್ರಿ ಅಕ್ಕಾರ? ಇವು ನೆಲಕ್ಕ ಇಳದೇ ಇಲ್ಲ."

ಅವಳು ಬೂಟು ಎತ್ತಿಕೊಂಡು ಮನೆಗೆ ಬಂದು ಗಂಡನ ಮುಂದೆ ಇಟ್ಟಳು. ಏನೂ ಕೇಳಲಿಲ್ಲ. ಅವಳ ಬಾಯಿಗೆ ಹೆದರಿ ಸುಳ್ಳು ಹೇಳಿದ್ದವನಿಗೆ ಈ ಮೌನ ಇನ್ನೂ ಕಷ್ಟವಾಯಿತು.

"ದಾರ್ಯಾಗ ಮಲ್ಲಯ್ಯನ ಕಂಬಿ, ದೇವರ ಕಾವಡಿ, ನನ್ನ ಹೆಗಲಿಗೆ ಬಂತು. ಕಂಬಿ ಹೊತ್ತವರು ಕಾಲಾಗ ಏನೂ ಹಾಕಂಗಿಲ್ಲ. ಇಳಿಸಿದ ಮ್ಯಾಲ ಹಾಕ್ಕೊಬೇಕಂದೆ. ನೀ ಅಷ್ಟು ಆಸೆ ಮಾಡಿ ತಂದಾವು, ಸುಮ್ನ ಯಾಕ ಸವಸಬೇಕಂತ ಬಿಟ್ಟೆ. ಮಂದಿ ಕಾಲು ಸುಡತಾವಂತ ಒದ್ದಾಡಾಕತ್ತಿದ್ರು. ನನಗ ಏನೂ ಆಗಲಿಲ್ಲ. ಮಲ್ಲಯ್ಯ ನನ್ನ ಮ್ಯಾಲ ದಯಾ ತೋರ್ಸ್ಯಾನ ಅಂದ್ಕೊಂಡೆ."

ಬಸವೇಶ್ವರಿ ನೆಲಕ್ಕೆ ಕೂತಳು. ಬಲಗಾಲಿನ ಬೂಟಿನಿಂದ ಕಾಗದ ಕಿತ್ತು, ಉಳಿದ ಪಾದಕ್ಕೆ ತೊಡಿಸಿ, ಲಾಡಿ ಬಿಗಿದಳು.

"ದಿನಾ ಹಾಕ್ಕೋರಿ. ಸವೀಲಿ."