ಅಕ್ಕನ ಮಾತಿಗೆ ನಾನಿಟ್ಟ ಹೆಸರು

ಇದನ್ನು ಹೇಳುವುದನ್ನು ಬಹಳ ವರ್ಷ ಮುಂದೂಡಿದೆ. ಮೊನ್ನೆ ಮೊಮ್ಮಗಳು ಇಂಗ್ಲಿಷ್ ಪಾಠದ ಪುಸ್ತಕ ತಂದು, ‘ಸ್ಟ್ಯಾಮರ್’ ಅಂದರೇನು ಎಂದು ಕೇಳಿದಳು. ತೊದಲುವುದು ಎಂದೆ. “ತಾತ, ಒಂದು ವಾಕ್ಯದಲ್ಲಿ ಹಾಕಿ ಹೇಳು” ಅಂದಳು. ಕಣ್ಣು ನೋವು, ಆಮೇಲೆ ಬಾ ಎಂದು ಕಳಿಸಿಬಿಟ್ಟೆ... ಆ ಪದವನ್ನು ನಾನು ಬಳಸಿದ್ದು ಒಂದೇ ಸಲ.

ಅರವತ್ತರ ದಶಕದ ಮೊದಲ ವರ್ಷಗಳು. ಚಿಂತಾಮಣಿಯ ನಮ್ಮ ಬೀದಿಯಲ್ಲಿ ಹೈಸ್ಕೂಲು ಮುಗಿಸಿದವನು ನಾನೊಬ್ಬನೇ. ಹೊಸ ಹೊಸ ಇಂಗ್ಲಿಷ್ ಪದ ಬಾಯಿಪಾಠ ಮಾಡಿ ಸಿಕ್ಕಿದ ಕಡೆ ಉದುರಿಸುತ್ತಿದ್ದೆ. ಪಕ್ಕದ ಮನೆಯ ಅಕ್ಕ ರೇಗಿಸುತ್ತಿದ್ದಳು: “ಏನಪ್ಪಾ ದೊರೆ, ಇವತ್ತು ಯಾವ ಇಂಗ್ಲಿಷು?”

ಅವರ ಮನೆಮಾತು ತೆಲುಗು. ತೆಲುಗಿನಲ್ಲಿ ಮಾತಿಗೆ ನಿಂತಳೆಂದರೆ ಒಲೆ ಮೇಲಿನ ಹಾಲು ಉಕ್ಕಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಹೊಸಬರೆದುರು ಕನ್ನಡ ಆಡುವಾಗ ಮಾತ್ರ ಒಂದು ಕ್ಷಣ ತಡೆದು, ಪದ ಹುಡುಕಿಕೊಳ್ಳುತ್ತಿದ್ದಳು. ನಮ್ಮ ಕಡೆ ಅರ್ಧ ಜನ ಹಾಗೆಯೇ.

ಗೌರಿಬಿದನೂರಿನ ಕಡೆಯಿಂದ ಅವಳಿಗೊಂದು ಸಂಬಂಧ ಬಂತು. ಹೆಣ್ಣು ನೋಡುವ ಮುಂಚೆ ಅಕ್ಕಪಕ್ಕದಲ್ಲಿ ವಿಚಾರಿಸುವುದು ವಾಡಿಕೆ. ಗಂಡಿನ ಅಣ್ಣ, ಯಾವುದೋ ಆಫೀಸಿನ ಗುಮಾಸ್ತ, ನಮ್ಮ ಜಗಲಿಯಲ್ಲಿ ಕೂತು ಕೇಳಿದ: “ಹುಡುಗಿ ಮಾತುಕತೆ ಹೆಂಗಪ್ಪಾ?”

ಮನೆಮಾತು ತೆಲುಗು, ಕನ್ನಡ ಸ್ವಲ್ಪ ನಿಧಾನ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಪದ ಉದುರಿಸಲು ಇಂಗ್ಲಿಷ್ ಬಲ್ಲವನೊಬ್ಬ ಎದುರಿಗೆ ಸಿಕ್ಕಿದ್ದ. “ಸ್ವಲ್ಪ ಸ್ಟ್ಯಾಮರಿಂಗು ಸಾರ್” ಎಂದೆ.

“ಓಹೋ” ಎಂದು ಅವನು ಕಾಫಿ ಲೋಟ ಕೆಳಗಿಟ್ಟ.

ಹೆಣ್ಣು ನೋಡಲು ಯಾರೂ ಬರಲಿಲ್ಲ. ಹುಡುಗಿಗೆ ನಾಲಿಗೆ ಸರಿಯಿಲ್ಲವಂತೆ ಎಂದು ಹೇಳಿಕಳಿಸಿದರು. ಅವಳ ತಾಯಿ ನಮ್ಮ ಮನೆಗೇ ಬಂದು ಅತ್ತರು. “ಯಾವ ಪಾಪಿ ಹೇಳಿದ್ನೋ! ನೀನೇ ಹೇಳಪ್ಪಾ, ಓದಿದೋನು, ನಮ್ಮ ಹುಡುಗಿ ತೊದಲ್ತಾಳಾ?”

“ಇಲ್ಲ ಅತ್ತೆ” ಎಂದೆ. ಅಷ್ಟೇ ಹೇಳಿದೆ...

ಸುದ್ದಿ ಸುತ್ತಿತು. ಆಮೇಲೆ ಬಂದವರೆಲ್ಲ ಮಾತಾಡಿಸಿ ಪರೀಕ್ಷೆ ಮಾಡುವವರೇ. ಅಷ್ಟು ಕಣ್ಣುಗಳ ಮುಂದೆ ಅವಳಿಗೆ ಬರುವ ಕನ್ನಡವೂ ಹೋಗುತ್ತಿತ್ತು. ಕೊನೆಗೆ ಮಂಚೇನಹಳ್ಳಿಯ ಕಡೆ, ಹೆಂಡತಿ ಸತ್ತು ಮಕ್ಕಳಿದ್ದ ಒಬ್ಬರಿಗೆ ಕೊಟ್ಟರು.

ಎಷ್ಟೋ ವರ್ಷಗಳ ಮೇಲೆ ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಬೇಕೆಂದೇ ತೆಲುಗಿನಲ್ಲಿ ಮಾತಾಡಿಸಿದೆ. ತೆಲುಗಿನಲ್ಲೂ ಅವಳು ಒಂದೊಂದು ಮಾತಿಗೂ ಮುಂಚೆ ತಡೆದು, ನನ್ನ ಮುಖ ನೋಡುತ್ತಿದ್ದಳು, ಸರಿಯಾಗಿ ಬಂತೇ ಎಂದು ಕೇಳುವವಳ ಹಾಗೆ. ಹೇಳಿಬಿಡೋಣ ಅನ್ನಿಸಿತು. ಬಸ್ಸು ಬಂತು, ಹತ್ತಿದೆ.

ಹೋದ ವರ್ಷ ತೀರಿಕೊಂಡಳಂತೆ. ಈಗ ಬರೆದು ಯಾರಿಗೇನು ಪ್ರಯೋಜನ... ಇದನ್ನು ಹೊತ್ತುಕೊಂಡು ಸಾಕಾಗಿದೆ, ಅಷ್ಟೇ. ತಪ್ಪಾಯಿತು ಎಂದು ನಾನು ಹೇಳಬೇಕಿದ್ದದ್ದು ಒಬ್ಬಳಿಗೆ, ಪಕ್ಕದ ಮನೆಯ ಅಕ್ಕನಿಗೆ.