ನಕ್ಷೆಯ ಮೇಲೆ ಕರಿ ಉಣ್ಣೆಯ ಎಳೆ

ಗಡಹಿಂಗ್ಲಜದ ಸಭೆ ದಸರೆಯ ನಂತರ ನಡೆಯಿತೆಂದು ನನ್ನ ನೆನಪು. ದಸರೆಗೆ ಮುನ್ನ ಎಂದು ನನ್ನ ದಿನಚರಿ. ನಡಾವಳಿ ತರಿಸಿ ನೋಡಿದೆ. ದಿನಚರಿಯೇ ಸರಿ.

ಊರಾಚೆಯ ಮಾಳದಲ್ಲಿ ಪ್ರಾದೇಶಿಕ ಉದ್ಯಾನವೊಂದು ಬರಲಿತ್ತು. ಮುಂದಿನ ಇಪ್ಪತ್ತು ವರ್ಷಗಳ ಕರಡು ಯೋಜನೆ ಸಿದ್ಧಪಡಿಸಿದ್ದ ಕೊಲ್ಹಾಪುರದ ತರುಣ ಅಧಿಕಾರಿಣಿ, ಅದರಲ್ಲಿನ ಇಸವಿ, ತಿಥಿಗಳನ್ನು ಪರಿಶೀಲಿಸಲು ಇತಿಹಾಸದ ಮೇಷ್ಟರಾಗಿ ನಿವೃತ್ತನಾದ ನನ್ನನ್ನು ಕೇಳಿಕೊಂಡಿದ್ದರು. ಕೆರೆ ಕಟ್ಟಿದ ವರ್ಷದಲ್ಲಿ ಒಂದು ತಪ್ಪು ಹಿಡಿದು, ಉಳಿದದ್ದೆಲ್ಲ ಸರಿಯಿದೆಯೆಂದು ಸಹಿ ಹಾಕಿದ್ದೆ.

ಸಭೆಯಲ್ಲಿ ಜಮಖಾನದ ಮೇಲೆ ದೊಡ್ಡ ನಕ್ಷೆ ಹಾಸಿದ್ದರು. ಗಿಡ ಬೇಕೆನಿಸಿದಲ್ಲಿ ಜನ ಮೆಕ್ಕೆಜೋಳದ ಕಾಳು ಇಡಬೇಕು, ಕೂರುವ ಕಟ್ಟೆ ಬೇಕೆನಿಸಿದಲ್ಲಿ ಶೇಂಗಾ. ಹಿಂದೆ ಇಚಲಕರಂಜಿಯ ಇಂಥದೇ ಸಭೆಯಲ್ಲಿ ಚಹಾ ಬರುವಷ್ಟರಲ್ಲಿ ಅರ್ಧದಷ್ಟು ಕಟ್ಟೆಗಳನ್ನು ಜನ ತಿಂದು ಮುಗಿಸಿದ್ದರಿಂದ, ಇಲ್ಲಿ ಹಸಿ ಶೇಂಗಾದ ಬದಲು ಬರಿಯ ಸಿಪ್ಪೆ ಇಟ್ಟಿದ್ದರು.

ಕುರಿಗಾರರ ಮನೆಯ ಅಜ್ಜಿಯೊಬ್ಬಳು ಕದರಿನಲ್ಲಿ ಕರಿ ಉಣ್ಣೆ ನೂಲುತ್ತ ನಕ್ಷೆಯ ಅಂಚಿಗೆ ಬಂದು ನಿಂತಳು. ಕೆರೆ ಯಾವುದು, ತನ್ನ ವಸತಿ ಯಾವುದು ಎಂದು ಕೇಳಿ ತಿಳಿದುಕೊಂಡಳು.

“ಇಲ್ಲೆ ಬೇಲಿ ಹಾಕತೇನಿ ಅಂತೀಯಲ್ಲ ತಂಗಿ, ನಮ್ಮ ಕುರಿ ಕೆರಿಗೆ ಹೆಂಗ ಹೋಗಬೇಕು? ಕಬ್ಬಿನ ಟ್ರ್ಯಾಕ್ಟರ್ ಓಡೂ ಡಾಂಬರ ರಸ್ತೇದಾಗ?”

“ಆಯಿ, ಆ ಹಾದಿ ಈಗ ಬಳಕ್ಯಾಗ ಇಲ್ಲರಿ. ನಮ್ಮವರು ನೋಡ್ಯಾರ. ಬರೇ ಹುಲ್ಲೈತಿ.”

“ಯಾವಾಗ ನೋಡ್ಯಾರ?”

ಅಧಿಕಾರಿಣಿ ನನ್ನತ್ತ ನೋಡಿದರು. ಉತ್ತರ ನನಗೆ ಬಾಯಿಪಾಠವಿತ್ತು. “ಆರಿದ್ರಿ ಮಳಿಯಾಗ ಸುರು ಮಾಡಿ ಮಘಿಯಾಗ ಮುಗಿಸ್ಯಾರ,” ಎಂದೆ.

ಅಜ್ಜಿಗೆ ನಗು ತಡೆಯಲಾಗಲಿಲ್ಲ. “ಏನ ಸರ, ಮಳಿಯಾಗ ಇಲ್ಲಿದ್ದರ ಕುರಿ ಕಾಲು ಕೊಳಿತಾವ. ಮಿರಗಕ್ಕ ಮುಂಚೇನ ಮೂಡಲ ಸೀಮಿಗೆ ಹೋಗತಾವ, ಇನ್ನೂ ಬಂದಿಲ್ಲ. ಗಂಡ ಸಂತಿಗೆ ಹ್ವಾದಾಗ ಬಂದು ನೋಡಿ, ಈ ಮನ್ಯಾಗ ಗಂಡಸರ ಇಲ್ಲಂತ ಬರಕೊಂಡ ಹ್ವಾದಂಗಾತು!”

ಸಭೆ ನಕ್ಕಿತು, ನಾನೂ ನಕ್ಕೆ, ತುಸು ತಡವಾಗಿ. ಸಮೀಕ್ಷೆಯ ಒಂದೊಂದು ದಿನಾಂಕವನ್ನೂ ತಾಳೆ ನೋಡಿದ್ದ ನಾನು, ಆ ದಿನಗಳಲ್ಲಿ ಕುರಿಗಳು ಎಲ್ಲಿದ್ದವೆಂದು ಕೇಳಿರಲಿಲ್ಲ. “ಬಳಕೆಯಲ್ಲಿಲ್ಲದ ಹಾದಿ” ಎಂಬ ಕರಡಿನ ಸಾಲಿನ ಕೆಳಗೆ ಇದ್ದದ್ದು ನನ್ನದೇ ಸಹಿ.

“ಹಂಗಾರ ಎರಡು ಗೇಟ ಇಡೂಣೇನು?” ಎಂದರು ಅಧಿಕಾರಿಣಿ.

“ಗೇಟಿಗೆ ಕೀಲಿ ಇರತೈತಿ. ಕೀಲಿ ಇದ್ದಾವ ಊಟಕ್ಕ ಹೋಗಿರತಾನ. ಕುರಿ ನೀರಡಿಸಿ ನಿಂತಿರತಾವ.”

ಹೀಗೆಂದವಳೇ ಕುಕ್ಕರಗಾಲಿನಲ್ಲಿ ಕೂತು, ಕದರಿನಿಂದ ಎಳೆ ಬಿಚ್ಚುತ್ತ ವಸತಿಯಿಂದ ಕೆರೆಯವರೆಗೆ ನಕ್ಷೆಯ ಮೇಲೆ ಹಾಸಿದಳು. ಜಾಲಿಯ ಗಿಡವಿದ್ದಲ್ಲಿ ಬಳಸಿದಳು, ಬಂಡೆಯಿದ್ದಲ್ಲಿ ಬಾಗಿಸಿದಳು. ಅಧಿಕಾರಿಣಿ ಅದರ ಗುಂಟ ಪೆನ್ಸಿಲ್ ಎಳೆದು, “ಹಿಂಡು ಬರಲಿ, ನೋಡೇ ತೀರ್ಮಾನ ಮಾಡೂಣು,” ಎಂದರು. ಅಜ್ಜಿ ನೂಲನ್ನು ಮತ್ತೆ ಸುತ್ತಿಕೊಂಡಳು. ಅದು ಕಂಬಳಿಗೆ ಬೇಕಿತ್ತು.

ದಸರೆಯ ನಂತರ ಹಿಂಡು ಬಂತು. (ನನ್ನ ನೆನಪು ಎರಡು ದಿನಗಳನ್ನು ಒಂದಾಗಿಸಿದ್ದು ಇಲ್ಲಿಯೇ.) ನಕ್ಷೆ ಹಿಡಿದು ನಾವು ಕುರಿಗಳ ಹಿಂದೆ ನಡೆದೆವು. ಅಷ್ಟು ಕಾಲುಗಳ ಕೆಳಗೆ ಹುಲ್ಲು ಮಲಗಿ ಹಾದಿ ತಾನಾಗಿ ಕಾಣಿಸಿಕೊಂಡಿತು. ಒಂದೆಡೆ ಮಾತ್ರ ಕುರಿಗಳು ಪೆನ್ಸಿಲ್ ಗೆರೆಯನ್ನು ಬಿಟ್ಟು ಎಡಕ್ಕೆ ಸರಿದವು. ನಾನು ತಕ್ಷಣ ಗುರುತು ಹಾಕಿಕೊಂಡೆ.

“ಕುರೀದ ತಪ್ಪಲ್ಲರಿ ಸರ,” ಎಂದಳು ಅಜ್ಜಿ, “ನಾ ನೂಲ ಬಿಗಿ ಹಿಡದಿದ್ನಿ.”

ಅಂತಿಮ ಯೋಜನೆಯಲ್ಲಿ ಆ ಹಾದಿಗೆ ಬೇಲಿಯಿಲ್ಲ, ಗೇಟೂ ಇಲ್ಲ. ನನ್ನ ಸಹಿಯಿದ್ದ ಸಾಲನ್ನು ಹೊಡೆದುಹಾಕಿ, ಅದರ ಜಾಗದಲ್ಲಿ ನಾನೇ ಹೀಗೆ ಬರೆದುಕೊಟ್ಟೆ: “ಮೃಗಶಿರದಿಂದ ಹಸ್ತದವರೆಗೆ ಈ ಹಾದಿಯಲ್ಲಿ ಹುಲ್ಲು ಬೆಳೆಯುತ್ತದೆ. ಆಗ ಬಂದು ನೋಡುವವರು ಕುರಿಗಳು ಮರಳುವವರೆಗೆ ಕಾಯತಕ್ಕದ್ದು.”