ಲೊರೆಟಾ ಕೊಯ್ದದ್ದು ಓರೆಯೇ?

ಮೆಲ್ಬರ್ನಿನ ನಮ್ಮ ಪ್ರಯೋಗಾಲಯದಲ್ಲಿ ಇಲಿಯ ಹೊಟ್ಟೆಯನ್ನು ಲೊರೆಟಾ ಝಾಮಿಟ್‌ಳಷ್ಟು ತೆಳ್ಳಗೆ ಕೊಯ್ಯುವವರು ಯಾರೂ ಇರಲಿಲ್ಲ. ಮಾಲ್ಟಾದಿಂದ ಬಂದವರ ಮಗಳು, ಹದಿನಾರಕ್ಕೇ ಇಲ್ಲಿನ ಸನ್‌ಶೈನ್ ಬಡಾವಣೆಯ ಮಾಂಸದಂಗಡಿಯಲ್ಲಿ ಹ್ಯಾಮ್ ಎಂಬ ಹಂದಿಮಾಂಸ ಹೆಚ್ಚುತ್ತಿದ್ದವಳು. ಅರವತ್ತೊಂದರಲ್ಲಿ ಟೀ ಕಪ್ಪು ಹಿಡಿದರೆ ಅವಳ ಕೈ ನಡುಗುತ್ತಿತ್ತು. ಕೊಯ್ಯುವ ಯಂತ್ರದ ಮುಂದೆ ಕೂತರೆ ನಡುಗುತ್ತಿರಲಿಲ್ಲ. ನಮ್ಮ ಮುಖ್ಯಸ್ಥ ಅಲಿಸ್ಟರ್ ನೋಡಿದ್ದು ಟೀ ಕಪ್ಪನ್ನು ಮಾತ್ರ.

ಆ ಸಲ ಎಜ್ರಿನ್ ಎಂಬ ಪ್ರೋಟೀನು ತೀರಾ ಕಡಿಮೆಯಿರುವ ಇಲಿಗಳು ಬಂದಿದ್ದವು. ಹೊಟ್ಟೆಯ ಒಳಪದರದಲ್ಲಿ ಆಮ್ಲ ಸುರಿಸುವ ಕೋಶಗಳಿವೆಯಲ್ಲ, ಅವುಗಳ ಪೊರೆಯನ್ನು ಒಳಗಿನ ಹಂದರಕ್ಕೆ ಕಟ್ಟಿ ನಿಲ್ಲಿಸುವುದು ಈ ಎಜ್ರಿನ್. ತಿಂದ ಮೇಲೆ ಕೋಶದೊಳಗಿನ ಪುಟ್ಟ ಕಾಲುವೆಗಳು ಅಗಲವಾಗಿ ತೆರೆಯಬೇಕು, ಆಮ್ಲ ಹರಿಯಬೇಕು. ಲೊರೆಟಾ ಕೊಯ್ದ ಪದರಗಳಲ್ಲಿ, ಹೊಟ್ಟೆ ಬಿರಿಯುವಷ್ಟು ತಿಂದ ಇಲಿಯಲ್ಲೂ, ಅವು ಮುಚ್ಚಿಯೇ ಇದ್ದವು.

"ಓರೆಯಾಗಿ ಕೊಯ್ದಿದೀರ, ಕಾಲುವೆ ತಪ್ಪಿಹೋಗಿದೆ," ಎಂದ ಅಲಿಸ್ಟರ್. "ವಯಸ್ಸಾಯ್ತು ಲೊರೆಟಾ. ಸೋಮವಾರದಿಂದ ಗಾಜು ತೊಳೆಯೋದು ನೋಡ್ಕೊಳ್ಳಿ."

ನನಗೆ ಮೈಯೆಲ್ಲ ಉರಿಯಿತು. ಇಲಿಗಳನ್ನು ಸಾಕುವವನು ನಾನು, ನನ್ನ ಮಾತು ಕೇಳುವವರಾರು? ಲೊರೆಟಾ ಕೈಗವಸು ತೆಗೆದಿಟ್ಟು ಅಲಿಸ್ಟರ್ ಕಡೆ ತಿರುಗಿದಳು.

"ನೀನು ಓದೋಕೆ ಬಂದಾಗ ಈ ಯಂತ್ರ ಹಿಡಿಯೋದು ಕಲಿಸಿದ್ದು ಯಾರಪ್ಪಾ?"

"ನೀವೇ."

"ಹಾಗಾದ್ರೆ ನೀನೇ ಕೊಯ್ಯಿ. ನನ್ನ ಕೈ ಕೆಟ್ಟಿದ್ರೆ ನಿನ್ನದು ಚೆನ್ನಾಗಿದ್ಯಲ್ಲ? ಯಾವುದು ಯಾವ ಇಲೀದು ಅಂತ ಇವನೊಬ್ಬನಿಗೇ ಗೊತ್ತಿರ್ಲಿ," ಎಂದು ನನ್ನತ್ತ ಕೈ ತೋರಿಸಿದಳು.

ಹೊಟ್ಟೆಯ ತುಣುಕುಗಳನ್ನು ರಾಳದಲ್ಲಿ ಹುದುಗಿಸಿದ ಎಂಟು ಅಚ್ಚುಗಳ ಚೀಟಿ ಕಿತ್ತು, ಬರೀ ಅಂಕಿ ಹಾಕಿ ಕೊಟ್ಟೆ; ಯಾವ ಅಂಕಿ ಯಾವ ಇಲಿಯದೆಂಬ ಪಟ್ಟಿ ಮಡಚಿ ಜೇಬಿನಲ್ಲಿಟ್ಟುಕೊಂಡೆ. ನಾಲ್ಕು ಆರೋಗ್ಯವಂತ ಇಲಿಗಳವು, ನಾಲ್ಕು ಎಜ್ರಿನ್ ಕೊರತೆಯವು. ಎಲ್ಲವೂ ಹೊಟ್ಟೆತುಂಬ ತಿಂದವೇ. ಅಲಿಸ್ಟರ್ ಅವಳ ಕುರ್ಚಿಯಲ್ಲಿ ಕೂತ. ಮೊದಲ ಮೂರು ಪದರ ಹರಿದವು. ಲೊರೆಟಾ ಪಕ್ಕದಲ್ಲೇ ಕೂತು ಚೀಸ್ ತುಂಬಿದ ಮಾಲ್ಟಾದ ತಿಂಡಿ ಪಾಸ್ಟಿಟ್ಸಿ ತಿನ್ನುತ್ತಿದ್ದಳು.

"ಹ್ಯಾಮ್ ಅಲ್ಲ ಕಣಪ್ಪ ಅದು. ನಿಧಾನ."

ಎರಡು ದಿನ ಹಿಡಿಯಿತು. ಶುಕ್ರವಾರ ಸೂಕ್ಷ್ಮದರ್ಶಕದ ಪರದೆಯಲ್ಲಿ ಅವನೇ ಒಂದೊಂದಾಗಿ ನೋಡಿದ. ಎರಡು, ಮೂರು, ಆರು, ಎಂಟನೇ ಅಂಕಿಯವುಗಳಲ್ಲಿ ಕಾಲುವೆಗಳು ಅಗಲವಾಗಿ ತೆರೆದಿದ್ದವು. ಉಳಿದ ನಾಲ್ಕರಲ್ಲಿ ಮುಚ್ಚಿದ್ದವು. ನಾನು ಪಟ್ಟಿ ಬಿಚ್ಚಿ ಓದಿದೆ. ಮುಚ್ಚಿದ ನಾಲ್ಕೂ ಎಜ್ರಿನ್ ಕೊರತೆಯ ಇಲಿಗಳವು.

ಅಲಿಸ್ಟರ್ ನನ್ನ ಕೈಯಿಂದ ಪಟ್ಟಿ ತೆಗೆದುಕೊಂಡು ಪರದೆಯೊಂದಿಗೆ ಮತ್ತೆ ತಾಳೆ ನೋಡಿದ.

"ನಂದೇ ತಪ್ಪು. ನೀವು ಕೊಯ್ದದ್ದು ಓರೆಯಲ್ಲ, ಎಜ್ರಿನ್ ಕಮ್ಮಿಯಾಗಿ ಕಾಲುವೇನೇ ತೆರೀತಿಲ್ಲ. ಲೊರೆಟಾ, ಸೋಮವಾರ..."

"ಸೋಮವಾರದ ಮಾತು ಆಮೇಲೆ," ಎಂದಳು ಅವಳು, ಕೈಗವಸು ಹಾಕಿಕೊಳ್ಳುತ್ತ. "ಮೊದ್ಲು ನನ್ನ ಕುರ್ಚಿ ಬಿಟ್ಟೇಳು."